ಕಲ್ಲೂ ಹಾರ್ಡ್, ನೀರೂ ಹಾರ್ಡ್, ಲೆಕ್ಕವೂ ಹಾರ್ಡ್



ಮಧುಗಿರಿ ತಾಲ್ಲೂಕಿನ ಬಡವನಹಳ್ಳಿಯಲ್ಲಿ ಓದುತ್ತಿರುವ ಒಬ್ಬ ಹೈಸ್ಕೂಲು ವಿದ್ಯಾರ್ಥಿಗೆ ‘ಹಾರ್ಡ್’ ಎಂಬ ಇಂಗ್ಲಿಷ್ ಪದ ದಿನಕ್ಕೆ ಎಷ್ಟು ಸಲ ಎದುರಾಗಬಹುದು? ಎಣಿಸಿ ನೋಡೋಣ. ಇಂಗ್ಲಿಷ್ ಪಾಠದಲ್ಲಿ ‘ಹಾರ್ಡ್ ವರ್ಕ್’. ವಿಜ್ಞಾನದ ಪಾಠದಲ್ಲಿ ‘ಹಾರ್ಡ್ ವಾಟರ್’. ಭೂಗೋಳದ ಪಾಠದಲ್ಲಿ ‘ಹಾರ್ಡ್ ರಾಕ್’. ಕಂಪ್ಯೂಟರ್ ಕೊಠಡಿಯಲ್ಲಿ ‘ಹಾರ್ಡ್ ಡಿಸ್ಕ್’. ಗಣಿತದ ಪರೀಕ್ಷೆ ಬರೆದು ಹೊರಬಂದ ಗೆಳೆಯ ‘ಪೇಪರ್ ತುಂಬಾ ಹಾರ್ಡ್ ಕಣೋ’ ಎನ್ನುತ್ತಾನೆ. ಮನೆಗೆಂದು ಮೊಳೆ, ಚಿಲಕ ತರಲು ಹೋದರೆ ಅಂಗಡಿಯ ಬೋರ್ಡಿನ ಮೇಲೂ ಅದೇ ಪದ: ‘ಹಾರ್ಡ್‌ವೇರ್ಸ್’!

ಪದ ಒಂದೇ, ಅರ್ಥ ಮಾತ್ರ ಪ್ರತಿ ಸಲವೂ ಬೇರೆ. ‘ಹಾರ್ಡ್ ಅಂದರೆ ಗಟ್ಟಿ’ ಎಂದು ಬಾಯಿಪಾಠ ಮಾಡಿಕೊಂಡವರಿಗೆ ಇಲ್ಲಿ ತೊಡಕು ಶುರುವಾಗುತ್ತದೆ. ಕಲ್ಲು ಗಟ್ಟಿ, ಸರಿ. ಲೆಕ್ಕ ಗಟ್ಟಿಯಾಗುವುದು ಹೇಗೆ? ನೀರು ಗಟ್ಟಿಯಾದರೆ ಅದು ಮಂಜುಗಡ್ಡೆಯೇ ಆಗಬೇಕಲ್ಲವೇ?

ಕಾರ್ಯಕ್ರಮದಲ್ಲಿ ಇಂಥ ವಿಷಯಗಳನ್ನು ಬಿಡಿಸಿ ಹೇಳಲು ಸಮಯ ಸಾಲುವುದಿಲ್ಲ. ಆದ್ದರಿಂದ ಈ ಪುಟಗಳಲ್ಲಿ ಆ ಒಂದೇ ಪದವನ್ನು ಹಿಡಿದು ಸ್ವಲ್ಪ ದೂರ ಹೋಗೋಣ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಈ ಪದದ ಮುಖ್ಯ ಅರ್ಥಗಳೆಲ್ಲ ಅಲ್ಲಿನ ಮಕ್ಕಳ ಕಣ್ಣೆದುರಿಗೇ ಇವೆ: ಬೆಟ್ಟದಲ್ಲಿ, ಕೊಳವೆ ಬಾವಿಯಲ್ಲಿ, ಹೊಲದ ದುಡಿಮೆಯಲ್ಲಿ.

ಮೊದಲ ಅರ್ಥ: ಕಲ್ಲಿನ ಗಡಸುತನ

‘ಹಾರ್ಡ್’ ಬಹಳ ಹಳೆಯ ಪದ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲೂ ಅದು ಇತ್ತು. ಜರ್ಮನ್ ಭಾಷೆಯ ‘ಹಾರ್ಟ್’ ಇದರ ಸೋದರ ಪದ. ರಿಚರ್ಡ್, ಬರ್ನಾರ್ಡ್, ಲಿಯೊನಾರ್ಡ್ ಎಂಬ ಹೆಸರುಗಳ ಕೊನೆಯಲ್ಲಿ ಅಡಗಿರುವುದೂ ಇದೇ ಪದ. ಅಲ್ಲಿ ಅದಕ್ಕೆ ಬಲಶಾಲಿ, ಧೀರ ಎಂಬ ಅರ್ಥ. ‘ಡೆಮಾಕ್ರಸಿ’ ಎಂಬ ಪದದ ಉತ್ತರಾರ್ಧ ಬಂದಿರುವುದು ಬಲ, ಅಧಿಕಾರ ಎಂಬ ಅರ್ಥವಿರುವ ‘ಕ್ರಾಟೋಸ್’ ಎಂಬ ಗ್ರೀಕ್ ಪದದಿಂದ. ಆ ಪದಕ್ಕೂ ಹಾರ್ಡ್ ಪದಕ್ಕೂ ಮೂಲ ಒಂದೇ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಬರಗಾಲಕ್ಕೆ ಜಗ್ಗದ ರಾಗಿಯಂಥ ಬೆಳೆಯನ್ನು ಇಂಗ್ಲಿಷಿನಲ್ಲಿ ‘ಹಾರ್ಡಿ’ ಬೆಳೆ ಎನ್ನುತ್ತಾರಲ್ಲ, ಅದೂ ಇದೇ ಮನೆತನದ್ದು.

ಮುಟ್ಟಿದರೆ ತಗ್ಗದ, ಒತ್ತಿದರೆ ಬಾಗದ ವಸ್ತುವಿನ ಗುಣವೇ ಈ ಪದದ ಮೂಲ ಅರ್ಥ. ಅದಕ್ಕೆ ಮಧುಗಿರಿಯ ಏಕಶಿಲಾ ಬೆಟ್ಟಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರದ ಈ ಬೆಟ್ಟ ಏಷ್ಯಾದ ಅತಿ ದೊಡ್ಡ ಏಕಶಿಲೆಗಳಲ್ಲಿ ಒಂದೆಂದು ಹೆಸರಾಗಿದೆ. ಈ ಸೀಮೆಯ ಮೂಲಕ ಹಾದುಹೋಗುವ ಗ್ರಾನೈಟ್ ಶಿಲೆಯ ಪಟ್ಟಿಗೆ ಭೂವಿಜ್ಞಾನಿಗಳು ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂದು ಹೆಸರಿಟ್ಟಿದ್ದಾರೆ. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಿಂದಿನ ಹೆಸರು. ರಾಮನಗರ, ಮಾಗಡಿಗಳ ಕಡೆಯಿಂದ ಉತ್ತರಕ್ಕೆ ಪಾವಗಡದ ಕಡೆಗೆ ಸಾಗುವ ಈ ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ.

ಇಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಒಂದು ವಿಷಯ ಗಮನಿಸಬೇಕು. ದಿನಬಳಕೆಯ ಮಾತಿನಲ್ಲಿ ಹಾರ್ಡ್ ಎಂದರೆ ಸುಲಭವಾಗಿ ಒಡೆಯದ್ದು ಎಂದು ತಿಳಿಯುತ್ತೇವೆ. ಖನಿಜ ವಿಜ್ಞಾನದಲ್ಲಿ ಅದರ ಅರ್ಥ ಇನ್ನೂ ಕಿರಿದು: ಸುಲಭವಾಗಿ ಗೀರು ಬೀಳದ್ದು. ಜರ್ಮನಿಯ ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಅಳತೆಪಟ್ಟಿಯಲ್ಲಿ ಬಳಪದ ಕಲ್ಲಿನ ಟಾಲ್ಕ್ ಖನಿಜಕ್ಕೆ 1, ವಜ್ರಕ್ಕೆ 10. ನಮ್ಮ ಉಗುರು ಸುಮಾರು 2.5, ಚಾಕುವಿನ ಉಕ್ಕು ಸುಮಾರು 5.5. ಗ್ರಾನೈಟಿನಲ್ಲಿರುವ ಫೆಲ್ಡ್‌ಸ್ಪಾರ್ 6, ಕ್ವಾರ್ಟ್ಸ್ 7. ಆದ್ದರಿಂದಲೇ ಚಾಕುವಿನಿಂದ ಬಂಡೆ ಕೆರೆದರೆ ಬಂಡೆಗೆ ಗೀರು ಬೀಳುವ ಬದಲು ಚಾಕುವೇ ಸವೆಯುತ್ತದೆ. ವಜ್ರದ ಮೇಲೆ ಗೀರು ಹಾಕಲು ಇನ್ನೊಂದು ವಜ್ರವೇ ಬೇಕು. ಆದರೂ ಸುತ್ತಿಗೆಯ ಒಂದು ಏಟಿಗೆ ವಜ್ರ ಚೂರಾಗಬಹುದು. ವಿಜ್ಞಾನದ ಭಾಷೆಯಲ್ಲಿ ‘ಹಾರ್ಡ್’ ಬೇರೆ, ಏಟು ತಾಳಿಕೊಳ್ಳುವ ‘ಟಫ್’ ಬೇರೆ.

ಮುಟ್ಟಿದ ಅನುಭವದಿಂದ ಮನಸ್ಸಿನ ಅನುಭವಕ್ಕೆ

ಬಂಡೆ ಒಡೆಯಲು ಹೋದವನಿಗೆ ಏನಾಗುತ್ತದೆ? ಕೈ ಸೋಲುತ್ತದೆ, ಬೆವರು ಸುರಿಯುತ್ತದೆ. ವಸ್ತುವಿನ ಗುಣವಾಗಿದ್ದ ಪದ ಹೀಗೆ ಕೆಲಸದ ಗುಣವಾಯಿತು. ಬಂಡೆ ಬಾಗದಂತೆ ಲೆಕ್ಕವೂ ಬುದ್ಧಿಗೆ ಬಾಗಲಿಲ್ಲ ಎಂದಾಗ ‘ಹಾರ್ಡ್ ಪ್ರಾಬ್ಲಮ್’. ಮೈಮುರಿದು ದುಡಿದರೆ ‘ಹಾರ್ಡ್ ವರ್ಕ್’. ಮಳೆ ಕೈಕೊಟ್ಟು, ಸಾಲ ಬೆಳೆದು, ಬದುಕು ಬಿಗಿಯಾದಾಗ ‘ಹಾರ್ಡ್ ಟೈಮ್ಸ್’. ಚಾರ್ಲ್ಸ್ ಡಿಕನ್ಸ್ 1854ರಲ್ಲಿ ಪ್ರಕಟಿಸಿದ ಒಂದು ಕಾದಂಬರಿಯ ಹೆಸರೂ ಇದೇ. ‘ಹಾರ್ಡ್’ಗೆ ‘ಶಿಪ್’ ಸೇರಿದರೆ ಕಷ್ಟಕಾರ್ಪಣ್ಯ, ‘ನೆಸ್’ ಸೇರಿದರೆ ಗಡಸುತನ, ‘ಎನ್’ ಸೇರಿದರೆ ಗಟ್ಟಿಯಾಗು, ಗಟ್ಟಿ ಮಾಡು ಎಂಬ ಕ್ರಿಯಾಪದ.

ಕಾನೂನಿನಲ್ಲೂ ಈ ಪದಕ್ಕೆ ಜಾಗವಿದೆ. ಪತ್ರಿಕೆಗಳಲ್ಲಿ ‘ಕಠಿಣ ಸಜೆ’ ಎಂದು ಓದುತ್ತೀರಿ. 1860ರ ಭಾರತೀಯ ದಂಡ ಸಂಹಿತೆ ಅದನ್ನು ‘ಹಾರ್ಡ್ ಲೇಬರ್’ ಇರುವ, ಅಂದರೆ ಶ್ರಮದ ದುಡಿಮೆಯೊಡನೆ ಅನುಭವಿಸಬೇಕಾದ, ಸೆರೆವಾಸ ಎಂದು ವಿವರಿಸಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆ ವಿವರಣೆ ಉಳಿದಿದೆ.

ಮನುಷ್ಯರ ಬಗ್ಗೆ ಹೇಳುವಾಗ ಎಚ್ಚರ ಬೇಕು. ‘ಹಾರ್ಡ್ ಹಾರ್ಟೆಡ್’ ಎಂದರೆ ಕಲ್ಲೆದೆಯವನು. ಇದು ಬೈಗುಳ. ‘ಹಾರ್ಡ್ ಹೆಡೆಡ್’ ಎಂದರೆ ದಡ್ಡ ಎಂದು ಊಹಿಸಬೇಡಿ. ಭಾವನೆಗೆ ಸಿಲುಕದೆ ಲೆಕ್ಕಾಚಾರದಿಂದ ನಡೆಯುವವನು ಎಂದು ಅದರ ಅರ್ಥ. ‘ಹಾರ್ಡ್ ಆಫ್ ಹಿಯರಿಂಗ್’ ಎಂದರೆ ಕಿವಿ ಮಂದವಾದವರು. ‘ಹಾರ್ಡ್ ಕ್ಯಾಶ್’ ಎಂದರೆ ಕೈಯಲ್ಲಿರುವ ರೊಕ್ಕ, ‘ಹಾರ್ಡ್ ಅಪ್’ ಎಂದರೆ ಕೈಯಲ್ಲಿ ರೊಕ್ಕವೇ ಇಲ್ಲದ ಸ್ಥಿತಿ! ಪಕ್ಕದ ಪದ ಬದಲಾದರೆ ಅರ್ಥ ಎಷ್ಟು ದೂರ ಜಿಗಿಯುತ್ತದೆ ನೋಡಿ.

ನೀರು ‘ಹಾರ್ಡ್’ ಆಗುವುದು ಹೇಗೆ?

ಈಗ ನೀರಿನ ವಿಷಯಕ್ಕೆ ಬರೋಣ. ಪದದ ಅರ್ಥ ತಪ್ಪಿದರೆ ಇಲ್ಲಿ ನಷ್ಟವಾಗುವುದು ಅಂಕ ಮಾತ್ರವೇ ಆಗಿರುವುದಿಲ್ಲ.

ಮಳೆ ನೀರು ಮಣ್ಣು, ಕಲ್ಲುಗಳ ನಡುವೆ ಇಳಿಯುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಅಂಥ ನೀರಿನಲ್ಲಿ ಸೋಪು ಉಜ್ಜಿದರೆ ನೊರೆ ಬೇಗ ಬರುವುದಿಲ್ಲ. ಸೋಪು ಆ ಲವಣಗಳೊಡನೆ ಸೇರಿ ಬಿಳಿಯ ಜಿಡ್ಡಾಗಿ ಬಟ್ಟೆಗೆ ಅಂಟಿಕೊಳ್ಳುತ್ತದೆ. ಇಂಥ ನೀರಿನೊಡನೆ ಒಗೆಯುವುದು ಕಷ್ಟ, ಹಾಗಾಗಿ ಅದು ‘ಹಾರ್ಡ್ ವಾಟರ್’. ಪಠ್ಯಪುಸ್ತಕದಲ್ಲಿ ಇದು ‘ಗಡಸು ನೀರು’. ಹಳ್ಳಿಯ ಮನೆಗಳಲ್ಲಿ ಇದನ್ನು ‘ಬೇಳೆ ಬೇಯದ ನೀರು’ ಎಂದು ಗುರುತಿಸುತ್ತಾರೆ. ಆ ಮಾತಿನಲ್ಲೂ ವಿಜ್ಞಾನವಿದೆ. ಬೇಳೆಯಲ್ಲಿರುವ ಪೆಕ್ಟಿನ್ ಎಂಬ ಪದಾರ್ಥವನ್ನು ಕ್ಯಾಲ್ಸಿಯಂ ಬಿಗಿಗೊಳಿಸುವುದರಿಂದ ಬೇಳೆ ಬೇಗ ಮೆತ್ತಗಾಗುವುದಿಲ್ಲ.

ಗಡಸುತನದಲ್ಲಿ ಎರಡು ಬಗೆ. ಬೈಕಾರ್ಬೊನೇಟ್ ಲವಣಗಳಿಂದ ಬಂದದ್ದು ತಾತ್ಕಾಲಿಕ. ಕುದಿಸಿದರೆ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟಿ ಅದು ಹೋಗುತ್ತದೆ. ಸಲ್ಫೇಟ್, ಕ್ಲೋರೈಡ್‌ಗಳಿಂದ ಬಂದದ್ದು ಶಾಶ್ವತ. ಅದು ಕುದಿಸಿದರೆ ಹೋಗುವುದಿಲ್ಲ, ವಾಷಿಂಗ್ ಸೋಡಾ ಹಾಕಬೇಕಾಗುತ್ತದೆ. ಭಾರತೀಯ ಮಾನಕ ಸಂಸ್ಥೆಯ 2012ರ ಮಾನದಂಡದ ಪ್ರಕಾರ ಕುಡಿಯುವ ನೀರಿನ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಳ್ಳೆಯದು. ಬೇರೆ ನೀರು ಸಿಗದ ಕಡೆ 600ರವರೆಗೆ ಒಪ್ಪಬಹುದು. ಈ ಲವಣಗಳು ನಾಲಿಗೆಗೆ, ಪಾತ್ರೆಗೆ, ಸೋಪಿಗೆ ತೊಂದರೆ ಕೊಟ್ಟರೂ ವಿಷಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಗಡಸುತನಕ್ಕೆ ಆರೋಗ್ಯದ ದೃಷ್ಟಿಯಿಂದ ಮಿತಿ ಹಾಕಿಲ್ಲ.

ಈಗ ಗೊಂದಲದ ವಿಷಯ. ಪಾವಗಡ ತಾಲ್ಲೂಕಿನ ಅನೇಕ ಹಳ್ಳಿಗಳ ಕೊಳವೆ ಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿರುವುದು ನಿಮಗೆ ತಿಳಿದೇ ಇದೆ. ‘ನಮ್ಮೂರ ನೀರು ಹಾರ್ಡ್, ಅದಕ್ಕೇ ಹಲ್ಲು ಕಂದಾಗಿದೆ’ ಎಂದು ಯಾರಾದರೂ ಹೇಳಿದರೆ ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಪದದಲ್ಲಿ ಕಟ್ಟಿಹಾಕಿದಂತಾಗುತ್ತದೆ. ಹಲ್ಲಿನ ಮೇಲೆ ಕಂದು ಪಟ್ಟೆ ಮೂಡಿಸುವುದು, ವರ್ಷಗಟ್ಟಲೆ ಕುಡಿದವರ ಕೀಲು, ಬೆನ್ನುಮೂಳೆ ಬಿಗಿಯುವಂತೆ ಮಾಡುವುದು ಫ್ಲೋರೈಡ್, ಗಡಸುತನವಲ್ಲ. ಗ್ರಾನೈಟಿನಲ್ಲಿರುವ ಕೆಲವು ಖನಿಜಗಳಿಂದ ಅದು ನೀರಿಗೆ ಸೇರುತ್ತದೆ. ಅದರ ಮಿತಿ ತೀರ ಚಿಕ್ಕದು: ಲೀಟರಿಗೆ 1 ಮಿಲಿಗ್ರಾಂ, ಬೇರೆ ದಾರಿಯಿಲ್ಲದಿದ್ದರೆ 1.5 ಮಿಲಿಗ್ರಾಂ.

ಇವೆರಡರ ನಡವಳಿಕೆಯೂ ಬೇರೆ. ಗಡಸುತನ ಸೋಪಿಗೆ ಸಿಕ್ಕಿಬೀಳುತ್ತದೆ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲಿ ಗೊತ್ತಾಗುವುದಿಲ್ಲ. ಕುದಿಸಿದರೆ ಗಡಸುತನ ಒಂದಿಷ್ಟು ಇಳಿಯಬಹುದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ! ಇನ್ನೂ ಒಂದು ಸ್ವಾರಸ್ಯವಿದೆ. ಕ್ಯಾಲ್ಸಿಯಂ ಹೆಚ್ಚಿರುವ ನೀರಿನಲ್ಲಿ ಫ್ಲೋರೈಡ್ ಅದರೊಡನೆ ಸೇರಿ ಕರಗದ ವಸ್ತುವಾಗಿ ತಳಕ್ಕಿಳಿಯುತ್ತದೆ. ಆದ್ದರಿಂದ ಫ್ಲೋರೈಡ್ ಹೆಚ್ಚಿರುವ ನೀರಿನಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಕಡಿಮೆ. ಅಂದರೆ ಸೋಪು ಚೆನ್ನಾಗಿ ನೊರೆ ಕೊಟ್ಟಿತು, ಬೇಳೆ ಚೆನ್ನಾಗಿ ಬೆಂದಿತು ಎಂದ ಮಾತ್ರಕ್ಕೆ ಆ ನೀರು ಕುಡಿಯಲು ಯೋಗ್ಯವೆಂದು ತಿಳಿಯುವಂತಿಲ್ಲ. ಪ್ರಯೋಗಾಲಯದ ಪರೀಕ್ಷೆಯೇ ಬೇಕು. ಫ್ಲೋರೈಡ್ ತೆಗೆಯಲು ರಿವರ್ಸ್ ಆಸ್ಮೋಸಿಸ್ ಯಂತ್ರವಿರುವ ಶುದ್ಧೀಕರಣ ಘಟಕಗಳಿವೆ. ಪಟಿಕ, ಸುಣ್ಣ ಬಳಸುವ ‘ನಲ್ಗೊಂಡ ವಿಧಾನ’ವನ್ನು ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ರೂಪಿಸಿದೆ. ಮಳೆ ನೀರನ್ನು ಶುಚಿಯಾಗಿ ಹಿಡಿದಿಟ್ಟುಕೊಳ್ಳುವುದು ಇನ್ನೊಂದು ದಾರಿ.

ನೀವೇ ಮಾಡಿ ನೋಡಬಹುದಾದ ಒಂದು ಪ್ರಯೋಗ: ಒಂದೇ ಅಳತೆಯ ಎರಡು ಬಾಟಲಿಗಳಲ್ಲಿ ಮಳೆ ನೀರನ್ನೂ ಕೊಳವೆ ಬಾವಿ ನೀರನ್ನೂ ಅರ್ಧರ್ಧ ತುಂಬಿ. ಸೋಪಿನ ಚೂರನ್ನು ಮಳೆ ನೀರಿನಲ್ಲಿ ಕರಗಿಸಿ, ಎರಡಕ್ಕೂ ಹತ್ತತ್ತು ಹನಿ ಹಾಕಿ, ಮುಚ್ಚಳ ಹಾಕಿ ಕುಲುಕಿ. ನೊರೆಯ ಎತ್ತರ ಅಳೆಯಿರಿ. ಡಿಟರ್ಜೆಂಟ್ ಪುಡಿ ಬಳಸಬೇಡಿ, ಅದು ಗಡಸು ನೀರಿನಲ್ಲೂ ನೊರೆ ಕೊಡುತ್ತದೆ. ಈ ಪ್ರಯೋಗ ಗಡಸುತನವನ್ನು ಮಾತ್ರ ತೋರಿಸುತ್ತದೆ, ಫ್ಲೋರೈಡನ್ನು ತೋರಿಸುವುದಿಲ್ಲ ಎಂಬುದು ನೆನಪಿರಲಿ.

‘ಹಾರ್ಡ್ಲಿ’ ಎಂಬ ಬಲೆ

ನೀರಿನಿಂದ ಮತ್ತೆ ಇಂಗ್ಲಿಷ್ ತರಗತಿಗೆ ಬರೋಣ. ‘ಸ್ಲೋ’ಗೆ ‘ಲಿ’ ಸೇರಿಸಿದರೆ ‘ಸ್ಲೋಲಿ’, ‘ಕ್ವಿಕ್’ಗೆ ಸೇರಿಸಿದರೆ ‘ಕ್ವಿಕ್ಲಿ’. ಗುಣವಾಚಕ ಹೀಗೆ ಕ್ರಿಯಾವಿಶೇಷಣವಾಗುತ್ತದೆ ಎಂದು ವ್ಯಾಕರಣ ಕಲಿಸುತ್ತದೆ. ಅದೇ ನಿಯಮ ಹಿಡಿದು ವಿದ್ಯಾರ್ಥಿ ‘ಮೈ ಫಾದರ್ ವರ್ಕ್ಸ್ ಹಾರ್ಡ್ಲಿ’ ಎಂದು ಬರೆಯುತ್ತಾನೆ. ತಂದೆ ಕಷ್ಟಪಟ್ಟು ದುಡಿಯುತ್ತಾರೆ ಎಂದು ಅವನ ಭಾವ. ಆ ವಾಕ್ಯದಲ್ಲಿ ‘ಹಾರ್ಡ್ಲಿ’ ನೋಡಿದ ಓದುಗನಿಗೆ ಮಾತ್ರ ತಂದೆ ಕೆಲಸ ಮಾಡುವುದೇ ಅಪರೂಪ ಎಂಬ ಅರ್ಥ ಬರುತ್ತದೆ! ಬಿಸಿಲಿನಲ್ಲಿ ಕಡಲೆಕಾಯಿ ಹೊಲದಲ್ಲಿ ಕಳೆ ಕೀಳುವ ತಂದೆಗೆ ಮಗ ಮಾಡಿದ ಅನ್ಯಾಯ, ಎರಡಕ್ಷರದ ತಪ್ಪಿನಿಂದ.

‘ಹಾರ್ಡ್’ ಎಂಬುದೇ ಗುಣವಾಚಕವೂ ಹೌದು, ಕ್ರಿಯಾವಿಶೇಷಣವೂ ಹೌದು. ‘ಹಾರ್ಡ್ ವರ್ಕ್’ ಎನ್ನುವಾಗ ಅದು ನಾಮಪದದ ಮುಂದೆ ನಿಂತಿದೆ. ‘ವರ್ಕ್ ಹಾರ್ಡ್’ ಎನ್ನುವಾಗ ಕ್ರಿಯಾಪದದ ಹಿಂದೆ ಬಂದಿದೆ. ರೂಪ ಬದಲಾಗಲಿಲ್ಲ. ‘ಥಿಂಕ್ ಹಾರ್ಡ್’ ಎಂದರೆ ಚೆನ್ನಾಗಿ ಯೋಚಿಸು, ‘ಲುಕ್ ಹಾರ್ಡ್’ ಎಂದರೆ ದಿಟ್ಟಿಸಿ ನೋಡು, ‘ಇಟ್ ಈಸ್ ರೇನಿಂಗ್ ಹಾರ್ಡ್’ ಎಂದರೆ ಮಳೆ ಜೋರಾಗಿ ಸುರಿಯುತ್ತಿದೆ.

‘ಹಾರ್ಡ್ಲಿ’ಗೆ ‘ಇಲ್ಲವೆನ್ನುವಷ್ಟು ಕಡಿಮೆ’ ಎಂಬ ಅರ್ಥವಿದೆ. ‘ಬಸ್ ಬರೋಕೆ ಹಾರ್ಡ್ಲಿ ಹತ್ತು ನಿಮಿಷ’ ಎಂದು ನಮ್ಮವರು ಆಡುಮಾತಿನಲ್ಲಿ ಹೇಳುತ್ತಾರಲ್ಲ, ಅದು ಸರಿಯಾದ ಬಳಕೆಯೇ. ಈ ಪದದ ಒಳಗೇ ನಿಷೇಧ ಇರುವುದರಿಂದ ಅದರ ಜೊತೆ ‘ನಾಟ್’ ಸೇರಿಸಬಾರದು. ‘ಲೇಟ್’ ಮತ್ತು ‘ಲೇಟ್ಲಿ’, ‘ನಿಯರ್’ ಮತ್ತು ‘ನಿಯರ್ಲಿ’ ಎಂಬ ಜೋಡಿಗಳೂ ಇಂಥವೇ. ‘ಲೇಟ್’ ತಡವಾಗಿ, ‘ಲೇಟ್ಲಿ’ ಇತ್ತೀಚೆಗೆ. ‘ನಿಯರ್’ ಹತ್ತಿರ, ‘ನಿಯರ್ಲಿ’ ಹೆಚ್ಚುಕಡಿಮೆ.

ನಮ್ಮ ‘ಗಟ್ಟಿ’ಯೂ ಕಡಿಮೆಯೇನಿಲ್ಲ

ಇಂಗ್ಲಿಷ್ ಮಾತ್ರ ಹೀಗೆ ಕಾಡುತ್ತದೆ ಎಂದುಕೊಳ್ಳಬೇಡಿ. ಕನ್ನಡ ಕಲಿಯಲು ಬಂದ ಪರಭಾಷಿಕನಿಗೆ ನಮ್ಮ ‘ಗಟ್ಟಿ’ ಎಷ್ಟು ಕಾಟ ಕೊಡಬಹುದು ಯೋಚಿಸಿ. ಗಟ್ಟಿ ಮೊಸರು ಎಂದರೆ ನೀರಾಗದ್ದು. ಗಟ್ಟಿ ಚಿನ್ನ ಎಂದರೆ ಟೊಳ್ಳಲ್ಲದ್ದು. ‘ಗಟ್ಟಿಯಾಗಿ ಓದು’ ಎಂದರೆ ಎಲ್ಲರಿಗೂ ಕೇಳುವಂತೆ ಓದು. ‘ಅಜ್ಜ ಇನ್ನೂ ಗಟ್ಟಿಯಾಗಿದ್ದಾರೆ’ ಎಂದರೆ ಆರೋಗ್ಯವಾಗಿದ್ದಾರೆ. ‘ಮನಸ್ಸು ಗಟ್ಟಿ ಮಾಡಿಕೋ’ ಎಂದರೆ ಧೈರ್ಯ ತಂದುಕೋ. ‘ಗಟ್ಟಿ ಕುಳ’ ಎಂದರೆ ಹಣವಂತ. ಮದುವೆ ಮನೆಯಲ್ಲಿ ‘ಗಟ್ಟಿಮೇಳ’ ಎಂದು ಕೂಗಿದರೆ ತಾಳಿ ಕಟ್ಟುವ ಹೊತ್ತು!

ಇವುಗಳಲ್ಲಿ ಎಷ್ಟಕ್ಕೆ ‘ಹಾರ್ಡ್’ ಹೊಂದುತ್ತದೆ? ಹೆಚ್ಚುಕಡಿಮೆ ಒಂದಕ್ಕೂ ಇಲ್ಲ. ಮೊಸರಿಗೆ ‘ಥಿಕ್’ ಬೇಕು, ಚಿನ್ನಕ್ಕೆ ‘ಸಾಲಿಡ್’, ಓದಿಗೆ ‘ಲೌಡ್ಲಿ’, ಅಜ್ಜನಿಗೆ ‘ಸ್ಟ್ರಾಂಗ್’. ‘ಐ ರೆಡ್ ಹಾರ್ಡ್’ ಎಂದು ಬರೆದರೆ ಗಟ್ಟಿಯಾಗಿ ಓದಿದೆ ಎಂಬ ಅರ್ಥ ಬರುವುದಿಲ್ಲ. ಎರಡು ಭಾಷೆಗಳ ಪದಗಳು ಕಲ್ಲಿನ ಹತ್ತಿರ ಒಂದು ಗಳಿಗೆ ಜೊತೆಯಾಗಿ, ಆಮೇಲೆ ತಮ್ಮ ತಮ್ಮ ದಾರಿ ಹಿಡಿದು ಹೋಗಿವೆ.

ವ್ಯಾಕರಣದಲ್ಲಿ ಮಾತ್ರ ಇಬ್ಬರೂ ಒಂದೇ ರೀತಿ ಯೋಚಿಸಿದ್ದಾರೆ. ‘ಕ್ಯಾಟ್’ ಪದದ ಮೊದಲ ಅಕ್ಷರ ‘ಹಾರ್ಡ್ ಸಿ’, ‘ಸಿಟಿ’ ಪದದ್ದು ‘ಸಾಫ್ಟ್ ಸಿ’ ಎನ್ನುತ್ತಾರೆ ಇಂಗ್ಲಿಷ್ ಮೇಷ್ಟ್ರು. ನಮ್ಮ ವ್ಯಾಕರಣದಲ್ಲಿ ಕ, ಚ, ಟ, ತ, ಪ ‘ಪರುಷ’ಗಳು, ಗ, ಜ, ಡ, ದ, ಬ ‘ಸರಳ’ಗಳು. ಪರುಷ ಎಂದರೆ ಒರಟು, ಗಡಸು. ‘ಮಳೆ’ ಮತ್ತು ‘ಕಾಲ’ ಸೇರಿ ‘ಮಳೆಗಾಲ’ವಾದಾಗ ಗಡಸು ಕಕಾರ ಸರಳ ಗಕಾರವಾಯಿತು. ಹೆಸರಿಟ್ಟ ರೀತಿ ಒಂದೇ, ಹೆಸರು ಪಡೆದ ಅಕ್ಷರಗಳು ಮಾತ್ರ ಬೇರೆ.

ಎದುರು ಪದ ಹುಡುಕಿ

ಹಾಗಾದರೆ ಎದುರಿಗೆ ಬಂದ ‘ಹಾರ್ಡ್’ ಯಾವ ಅರ್ಥದ್ದು ಎಂದು ತಿಳಿಯುವುದು ಹೇಗೆ? ಸುಲಭವಾದ ಉಪಾಯವಿದೆ. ಪಕ್ಕದ ನಾಮಪದ ನೋಡಿ, ಅದರೊಡನೆ ಯಾವ ವಿರುದ್ಧ ಪದ ಹೊಂದುತ್ತದೆ ಎಂದು ಕೇಳಿಕೊಳ್ಳಿ. ಪರೀಕ್ಷೆಗೆ ‘ಈಸಿ’ ಹೊಂದುತ್ತದೆ. ಹಾಗಾದರೆ ಹಾರ್ಡ್ ಎಂದರೆ ಕಷ್ಟ. ಚಳಿಗಾಲಕ್ಕೆ ‘ಮೈಲ್ಡ್’ ಹೊಂದುತ್ತದೆ. ಹಾಗಾದರೆ ತೀವ್ರ. ಹೃದಯಕ್ಕೆ ‘ಕೈಂಡ್’ ಹೊಂದುತ್ತದೆ. ಹಾಗಾದರೆ ನಿರ್ದಯ.

ಕಂಪ್ಯೂಟರಿನ ಪದಗಳು ಹುಟ್ಟಿದ್ದೇ ಈ ಉಪಾಯದಿಂದ. ಕಬ್ಬಿಣದ ಸಾಮಾನಿಗೆ ‘ಹಾರ್ಡ್‌ವೇರ್’ ಎನ್ನುವುದು ಹಳೆಯ ರೂಢಿ. ಗಣಕದ ಯಂತ್ರಭಾಗಗಳಿಗೂ ಆ ಹೆಸರು ಬಂತು. ಆ ಯಂತ್ರವನ್ನು ನಡೆಸುವ, ಕೈಗೆ ಸಿಗದ ಸೂಚನೆಗಳಿಗೆ ಏನೆನ್ನುವುದು? ವಿರುದ್ಧ ಪದ ‘ಸಾಫ್ಟ್‌ವೇರ್’ ಸಿದ್ಧವಾಯಿತು. ಅಮೆರಿಕದ ಜಾನ್ ಟ್ಯೂಕಿ 1958ರಲ್ಲಿ ಬರೆದ ಗಣಿತದ ಲೇಖನವೊಂದರಲ್ಲಿ ಅದು ಈ ಅರ್ಥದಲ್ಲಿ ಅಚ್ಚಾಗಿದೆ.

ನಮ್ಮ ಟೆಲಿವಿಷನ್ ಸ್ಟುಡಿಯೋದಲ್ಲೂ ಈ ಜೋಡಿ ದಿನವೂ ಕೇಳಿಬರುತ್ತದೆ. ನಡುಹಗಲಿನ ಬಯಲಿನಲ್ಲಿ ನಿಂತವರ ಮುಖದ ಮೇಲೆ ಕತ್ತರಿಸಿದಂತೆ ನೆರಳು ಬೀಳುತ್ತದೆ. ಅದು ‘ಹಾರ್ಡ್ ಲೈಟ್’. ಮೋಡ ಕವಿದಾಗ, ಇಲ್ಲವೇ ದೀಪದ ಮುಂದೆ ಬಿಳಿಯ ತೆಳು ಬಟ್ಟೆ ಹಿಡಿದಾಗ, ನೆರಳಿನ ಅಂಚು ಮಸುಕಾಗುತ್ತದೆ. ಅದು ‘ಸಾಫ್ಟ್ ಲೈಟ್’. ಬೆಳಕಿನ ಪ್ರಮಾಣ ಎರಡರಲ್ಲೂ ಒಂದೇ ಇರಬಹುದು. ಬದಲಾಗುವುದು ನೆರಳಿನ ಅಂಚು.

ಮುಂದಿನ ಸಲ ನಿಘಂಟು ತೆರೆದಾಗ ಮೊದಲನೆಯ ಅರ್ಥವನ್ನು ಕಂಡ ಕೂಡಲೇ ಮುಚ್ಚಿಬಿಡಬೇಡಿ. ಅರ್ಥದ ಪಕ್ಕದಲ್ಲಿ ಕೊಟ್ಟಿರುವ ಉದಾಹರಣೆಯನ್ನೂ ಓದಿ. ಪದವನ್ನು ಒಂಟಿಯಾಗಿ ಬರೆದಿಟ್ಟುಕೊಳ್ಳುವ ಬದಲು ಜೋಡಿಯಾಗಿ ಬರೆದಿಟ್ಟುಕೊಳ್ಳಿ: ಹಾರ್ಡ್ ರಾಕ್, ಹಾರ್ಡ್ ವಾಟರ್, ಹಾರ್ಡ್ ವರ್ಕ್. ಮನೆಯ ನೀರಿನ ಬಗ್ಗೆ ಯಾರಾದರೂ ‘ಹಾರ್ಡ್’ ಎಂದರೆ ‘ಯಾವ ಅರ್ಥದಲ್ಲಿ? ಪರೀಕ್ಷೆ ಮಾಡಿಸಿದ್ದೀರಾ?’ ಎಂದು ಕೇಳುವ ಧೈರ್ಯ ನಿಮಗಿರಲಿ.

ಕೊನೆಯದಾಗಿ ನಿಮಗೊಂದು ಮನೆಗೆಲಸ. ಬಡವನಹಳ್ಳಿಯ ಹೆಸರಿನಲ್ಲೇ ‘ಬಡವ’ ಇದ್ದಾನೆ. ಅವನಿಗೆ ಇಂಗ್ಲಿಷಿನಲ್ಲಿ ‘ಪೂರ್’ ಎನ್ನುತ್ತೇವೆ. ಪೂರ್ ಮ್ಯಾನ್, ಪೂರ್ ಸಾಯಿಲ್, ಪೂರ್ ಐಸೈಟ್, ಪೂರ್ ಹ್ಯಾಂಡ್‌ರೈಟಿಂಗ್, ಪೂರ್ ಫೆಲೋ: ಈ ಐದಕ್ಕೂ ವಿರುದ್ಧ ಪದ ಹುಡುಕಿ, ಅರ್ಥವನ್ನು ಕನ್ನಡದಲ್ಲಿ ಬರೆಯಿರಿ. ಐದರಲ್ಲಿ ಎಷ್ಟು ಕಡೆ ‘ಬಡ’ ಎಂಬ ಪದ ಹೊಂದುತ್ತದೆ ಎಂದು ಎಣಿಸಿ. ಐದನೆಯದಕ್ಕೆ ಬಂದಾಗ ಸ್ವಲ್ಪ ನಿಂತು ಯೋಚಿಸಬೇಕಾದೀತು!